ಅವ್ವನ ಕ್ಲೈಮ್ಯಾಕ್ಸು

ನಮ್ಮ ಮನೆಯವರು ಸಿನಿಮಾಕ್ಕೆ ಹೊರಟರೆ ತೆರೆಯ ಮೇಲೆ ನಡೆಯುವುದೇ ಒಂದು, ತೆರೆಯ ಈಚೆ ನಡೆಯುವುದೇ ಇನ್ನೊಂದು. ಇದು ನಾನು ಹುಟ್ಟುವ ಮೊದಲೇ ಶುರುವಾಗಿತ್ತು, ಈಗಲೂ ನಿಂತಿಲ್ಲ. ಪೀಣ್ಯದ ಫ್ಯಾಕ್ಟರಿಯಲ್ಲಿ ನಾನು ಊಟದ ಡಬ್ಬಿ ಬಿಚ್ಚಿದ ಕೂಡಲೇ ಜೊತೆಯವರು, "ಏನಕ್ಕಾ, ನಿಮ್ಮಪ್ಪ ಅಮ್ಮ ಮತ್ತೆ ಸಿನಿಮಾಕ್ಕೆ ಹೋಗಿದ್ರಾ?" ಅಂತ ಹತ್ತಿರ ಬಂದು ಕೂರುತ್ತಾರೆ. ಅವರಿಗೆ ಸಿನಿಮಾದ ಕತೆ ಬೇಡ, ನಮ್ಮ ಮನೆಯ ಕತೆ ಬೇಕು.

ನಾವು ಮಾಕಳಿ ಕಡೆಯವರು. ಅವ್ವನಿಗೆ ಇದ್ದದ್ದು ಒಂದೇ ಆಸೆ. ಒಂದು ಸಿನಿಮಾವನ್ನು ಹೆಸರು ಬೀಳುವಲ್ಲಿಂದ ಹಿಡಿದು ಶುಭಂ ಬೀಳುವ ತನಕ ಅಪ್ಪನ ಪಕ್ಕದಲ್ಲಿ ಕೂತು ನೋಡಬೇಕು. ಕೇಳುವುದಕ್ಕೆ ಸಣ್ಣ ಆಸೆಯೇ. ಅದಕ್ಕೆ ಕಾಲ ಕೂಡಿಬರುವ ಹೊತ್ತಿಗೆ ನನ್ನ ತಲೆಯಲ್ಲೇ ಬಿಳಿ ಕೂದಲು ಬಂದಿತ್ತು.

ಟೆಂಟಿನ ಮೋಟುಗೋಡೆ

ಅವ್ವ ಹೊಸದಾಗಿ ಮದುವೆಯಾಗಿ ಬಂದಾಗ ಊರ ಹೊರಗೆ ಟೆಂಟ್ ಇತ್ತಂತೆ. ಮರಳಿನ ಮೇಲೆ ಕೂತು ನೋಡುವುದು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ನಡುವೆ ಮೊಳದೆತ್ತರದ ಮೋಟುಗೋಡೆ. ಗಂಡ ಹೆಂಡತಿ ಒಟ್ಟಿಗೆ ಹೊರಟರೂ ಬಾಗಿಲಲ್ಲಿ ಬೇರೆಯಾಗಬೇಕು. ಮೇಲೆ ಹರಿದ ಬಟ್ಟೆಯಲ್ಲಿ ಒಂದೆರಡು ನಕ್ಷತ್ರ ಕಾಣುತ್ತಿದ್ದವು, ಹಾಡು ಬಂದಾಗ ಯಾವುದು ತೆರೆ, ಯಾವುದು ಆಕಾಶ ಅಂತಲೇ ತಿಳಿಯುತ್ತಿರಲಿಲ್ಲ ಅಂತ ಅವ್ವ ಈಗಲೂ ಕಣ್ಣು ಅರೆಮುಚ್ಚಿ ಹೇಳುತ್ತಾಳೆ.

ಅಪ್ಪ ಗೋಡೆಗೆ ಒರಗಿ ಕೂತು, ಆ ಕಡೆ ಹೆಂಡತಿ ಇದ್ದಾಳೆ ಅಂತ ಲೆಕ್ಕ ಹಾಕಿ, ಕತ್ತಲಲ್ಲಿ ಒಂದು ಹಿಡಿ ಕಡ್ಲೆಕಾಯಿ ದಾಟಿಸಿದನಂತೆ. ಆ ಕಡೆಯ ಕೈ ತೆಗೆದುಕೊಂಡಿತು. ಧೈರ್ಯ ಬಂದು ಇನ್ನೊಂದು ಹಿಡಿ ಕೊಡುವಾಗ ಮೆಲ್ಲಗೆ ಕಿರುಬೆರಳು ಹಿಸುಕಿದ. ಆ ಕಡೆಯ ಕೈ ಸುಮ್ಮನಿತ್ತು. ಅಪ್ಪ ಆವತ್ತು ಸಿನಿಮಾ ಪೂರ್ತಿ ತೇಲಾಡಿಕೊಂಡೇ ನೋಡಿದ.

ಮನೆಗೆ ಬರುವ ದಾರಿಯಲ್ಲಿ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಬಾಯಾಡಿಸುತ್ತಾ ಅಂದಳಂತೆ: "ಕಡ್ಲೆಕಾಯಿ ಚೆನ್ನಾಗಿತ್ತು ಕಣೋ ಮಗ. ಬೆರಳು ಮಾತ್ರ ಅಂಗೆ ಹಿಸುಕಬೇಡ, ನಂಗೆ ಮೊದಲೇ ವಾಯು."

ಕರೆಂಟು ಬಂತು

ಆಮೇಲೆ ತುಮಕೂರು ರಸ್ತೆಗೆ ಸಿಮೆಂಟಿನ ಟಾಕೀಸು ಬಂತು. ಗೋಡೆ ಇಲ್ಲ, ಯಾರು ಯಾರ ಪಕ್ಕ ಬೇಕಾದರೂ ಕೂರಬಹುದು. ಅವ್ವನ ಕಷ್ಟ ಮುಗಿಯಿತು ಅಂದುಕೊಂಡರೆ ಪಂಪ್‌ಸೆಟ್ಟು ಬಂದು ನಡುವೆ ಕೂತಿತು. ಹೊಲದ ಕಡೆ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಯಾರಿಗೂ ತಿಳಿಯದು. ಬಂದಾಗ ನೀರು ಹಾಯಿಸದಿದ್ದರೆ ಪೈರು ಒಣಗುತ್ತದೆ.

ಟಾಕೀಸು ಬಹುಪಾಲು ಜನರೇಟರಿನಲ್ಲಿ ನಡೆಯುತ್ತಿತ್ತು. ಅದರ ಗುಡುಗುಡು ಸದ್ದು ನಿಂತಿತು ಅಂದರೆ ಊರಿಗೆ ಕರೆಂಟು ಬಂತು ಅಂತ ಅರ್ಥ. ತೆರೆಯ ಮೇಲೆ ನಾಯಕಿ ಗಳಗಳ ಅಳುತ್ತಿರಲಿ, ಹೀರೋನ ಕುತ್ತಿಗೆಗೆ ಕತ್ತಿ ಬಂದಿರಲಿ, ಗಂಡಸರೆಲ್ಲ ದಡಬಡ ಎದ್ದು ಸೈಕಲ್ಲಿನ ಕಡೆ ಓಡುತ್ತಿದ್ದರು. ಹೊರಗೂರಿನವನೊಬ್ಬ ಬೆಂಕಿಯೇ ಬಿತ್ತೇನೋ ಅಂತ ಅವರ ಹಿಂದೆಯೇ ಓಡಿ, ನಮ್ಮ ಹೊಲದ ತನಕ ಬಂದದ್ದೂ ಉಂಟು. ಬಂದವನ ಕೈಗೆ ಅಪ್ಪ ಗುದ್ದಲಿ ಕೊಟ್ಟ.

"ಕೊನೆಗೆ ಏನಾಯ್ತು?" ಅಂತ ಅಪ್ಪ ಊಟಕ್ಕೆ ಕೂತಾಗ ಕೇಳುತ್ತಿದ್ದ. ಅವ್ವ ಮುದ್ದೆ ಬಡಿಸುತ್ತಾ, "ಏನಾಗುತ್ತೆ, ಹೀರೋ ಹೆಂಡ್ತಿನ ಕರ್ಕೊಂಡು ತವರಿಗೆ ಹೋದ. ನಾಲ್ಕು ದಿನ ಅಲ್ಲೇ ಉಳ್ಕೊಂಡ" ಅನ್ನುತ್ತಿದ್ದಳು.

ಅದೇ ಸಿನಿಮಾವನ್ನು ಅವಳ ಮಡಿಲಲ್ಲಿ ಕೂತು ನೋಡಿದ ನಾನು ಬಾಯಿ ತೆರೆದರೆ ಸೌಟಿನಿಂದ ಮೊಣಕಾಲಿಗೆ ತಿವಿಯುತ್ತಿದ್ದಳು. ಅವ್ವನ ತವರು ಚಿಕ್ಕಬಾಣಾವರ. ಅಷ್ಟೇನೂ ದೂರವಿಲ್ಲ. ಆದರೂ ಅಪ್ಪ ಅಲ್ಲಿ ಒಂದು ರಾತ್ರಿ ಉಳಿದವನಲ್ಲ. ಬಾಗಿಲಲ್ಲೇ ನಿಂತು ಮಜ್ಜಿಗೆ ಕುಡಿದು, "ಕರೆಂಟ್ ಬರೋ ಒತ್ತಾಯ್ತು" ಅಂತ ಸೈಕಲ್ ತಿರುಗಿಸುತ್ತಿದ್ದ. ಹಾಗಾಗಿ ಅಪ್ಪನ ಪಾಲಿಗೆ ಪೊಲೀಸ್ ಸಿನಿಮಾ, ದೇವರ ಸಿನಿಮಾ, ದೆವ್ವದ ಸಿನಿಮಾ ಎಲ್ಲವೂ ಮಾವನ ಮನೆಯಲ್ಲೇ ಮುಗಿಯುತ್ತಿದ್ದವು.

ಟೀವಿಯವರ ಕಿತಾಪತಿ

ಮನೆಗೆ ಟೀವಿ ಬಂದ ಮೇಲೆ ಅವ್ವನಿಗೆ ಎದೆ ಢವಢವ. ಒಂದು ಭಾನುವಾರ ಅದೇ ಹಳೆಯ ಸಿನಿಮಾಗಳಲ್ಲಿ ಒಂದನ್ನು ಹಾಕಿದರು. ಅಪ್ಪ ಕೊನೆಯವರೆಗೂ ಕೂತ. ಹೀರೋ ಗುಂಡೇಟು ತಿಂದು, ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, ಬಾವುಟ ನೋಡುತ್ತಾ ಸತ್ತ. ಅಪ್ಪ ಎದ್ದು ಟೀವಿ ಆರಿಸಿದ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡೇ ಒರೆಸಿಕೊಂಡಳು.

"ನೋಡ್ದೇನೇ ಇವಳೇ," ಅಂದ ಅಪ್ಪ, "ತವರಿಗೆ ಓಗೋದನ್ನ ಟೀವಿಯವರು ಕಟ್ ಮಾಡ್ಬಿಟ್ಟವ್ರೆ."

"ಅಡ್ವಟೈಸ್‌ಮೆಂಟ್‌ಗೆ ಜಾಗ ಬೇಕಲ್ಲ" ಅಂದಳು ಅವ್ವ.

ಕಣ

ಈಗ ಹೊಲವೂ ಇಲ್ಲ, ಪಂಪ್‌ಸೆಟ್ಟೂ ಇಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರೆಲ್ಲ ಸೇರಿ ಜಮೀನು ಕೊಟ್ಟರು, ಅಲ್ಲಿ ಮಾಲ್ ಎದ್ದಿತು. ಅಪ್ಪ ಆ ಕಡೆ ತಲೆ ಹಾಕಿರಲಿಲ್ಲ. ದಾರಿಯಲ್ಲಿ ಹೋಗುವಾಗಲೂ ಮುಖ ಆಚೆ ತಿರುಗಿಸುತ್ತಿದ್ದ. ಮೊನ್ನೆ ಅವ್ವನೇ ಬಾಯಿಬಿಟ್ಟು ಹೇಳಿದಳು: "ಹೊಲಕ್ಕೆ ಹೋಗ್ಬೇಕು ಅಂತ ಸಿನಿಮಾದಿಂದ ಎದ್ದು ಹೋಗ್ತಿದ್ರಲ್ಲ, ಈಗ ಸಿನಿಮಾನೇ ಹೊಲದಲ್ಲೈತೆ. ಇನ್ನೆಲ್ಲಿಗೆ ಎದ್ದು ಹೋಗ್ತೀರಿ?"

ಶನಿವಾರ ಮಧ್ಯಾಹ್ನದ ಆಟಕ್ಕೆ ಮೂವರೂ ಹೋದೆವು.

ಪಾರ್ಕಿಂಗ್‌ನಲ್ಲಿ ನಮ್ಮ ಹುಣಸೆಮರ ಇನ್ನೂ ನಿಂತಿತ್ತು. ಅಪ್ಪ ಅದನ್ನು ಮುಟ್ಟಿ, ದಿಕ್ಕು ನೋಡಿಕೊಂಡು, ಎಸ್ಕಲೇಟರಿನಲ್ಲಿ ನನ್ನ ಭುಜ ಹಿಡಿದು ಮೇಲೆ ಬಂದ. ಹಾಲ್‌ನ ಬಾಗಿಲ ಮುಂದೆ ಕಿಟಕಿಯಿಂದ ಮತ್ತೆ ಮರ ನೋಡಿದ. ಆಮೇಲೆ ಚಪ್ಪಲಿ ಬಿಟ್ಟ.

"ಅಪ್ಪಾ, ಇದೇನಿದು?"

"ಇದು ಕಣ ಕಣಮ್ಮಾ. ರಾಗಿ ಒಕ್ತಿದ್ದ ಜಾಗ. ಕಣದಾಗೆ ಯಾರಾದ್ರೂ ಚಪ್ಪಲಿ ಆಕ್ಕಂಡು ತಿರುಗ್ತಾರಾ?"

"ಇದು ಮೂರನೇ ಮಹಡಿ. ಕಣ ಕೆಳಗೈತೆ."

"ಕೆಳಗೆ ದೇವರಮನೆ ಇದ್ರೆ ಅದ್ರ ಮ್ಯಾಲೆ ಕಕ್ಕಸ್ಸು ಕಟ್ತೀವಾ?"

ನಾನೂ ಅವ್ವನೂ ತೆಪ್ಪಗೆ ಚಪ್ಪಲಿ ಬಿಟ್ಟೆವು. ಹಿಂದೆ ಬರುತ್ತಿದ್ದ ಆಫೀಸಿನ ಹುಡುಗರ ಗುಂಪು ನೋಡಿತು. "ಅಣ್ಣಾ, ಶೂಸ್ ಬಿಡ್ಬೇಕಾ? ಹೊಸ ಕಾರ್ಪೆಟ್ಟಾ?" ಅಂತ ಒಬ್ಬ ಕೇಳಿದ. ಅಪ್ಪ ಗಂಭೀರವಾಗಿ, "ಹ್ಞೂಂ ಮಗಾ, ಬಿಡ್ರಪ್ಪಾ" ಅಂದ. ಅವರು ಬಿಟ್ಟರು. ಅವರನ್ನು ನೋಡಿ ಅವರ ಹಿಂದಿನವರು ಬಿಟ್ಟರು. ಟಿಕೆಟ್ ನೋಡುತ್ತಿದ್ದ ಹೆಂಗಸು, "ಸಾರ್, ಬೇಡ ಸಾರ್, ಮೇಡಂ, ಹಾಕ್ಕೊಳ್ಳಿ" ಅಂದಳು. ಯಾರೂ ಕೇಳಲಿಲ್ಲ. ಕೊನೆಗೆ ಅವಳೂ ಒಂದು ಸಲ ತನ್ನ ಶೂ ನೋಡಿಕೊಂಡಳು.

ಒಳಗೆ ಕತ್ತಲಾಯಿತು. ಅಪ್ಪ ತೆರೆಯನ್ನು ನೋಡಲಿಲ್ಲ. ತಲೆಯ ಮೇಲೆ ಹಾದುಹೋಗುವ ಬೆಳಕನ್ನೂ, ಅದರೊಳಗೆ ಆಡುವ ಧೂಳನ್ನೂ ನೋಡುತ್ತಾ, "ರಾಗಿ ತೂರ್ದಂಗೈತೆ" ಅಂದ. ಅವ್ವನೂ ತಲೆ ಎತ್ತಿದಳು. ಇಬ್ಬರೂ ಬರಿಗಾಲನ್ನು ಚಾಚಿ ಹಾಗೇ ನೋಡುತ್ತಾ ಕೂತರು. ನನಗೂ ಎಲ್ಲಿಂದಲೋ ಹುಲ್ಲಿನ ವಾಸನೆ ಬಂದಂತಾಯಿತು.

ಇಂಟರ್‌ವಲ್ ಆದ ಸ್ವಲ್ಪ ಹೊತ್ತಿಗೆ ಫಕ್ಕನೆ ಎಲ್ಲ ಆರಿತು. ಎಲ್ಲೋ ಕೆಳಗೆ ಜನರೇಟರು ಗುಡುಗುಡು ಅಂದು, ಮತ್ತೆ ನಿಂತು, ಚಿತ್ರ ಬಂತು. ಜೊಂಪು ಹತ್ತಿದ್ದ ಅಪ್ಪ ಧಡಕ್ಕನೆ ಎದ್ದ. "ಕರೆಂಟ್ ಬಂತು ಕಣೇ, ಇರು ಬಂದೆ" ಅಂತ ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟ. ಅವ್ವ ಅವನ ಹೆಗಲ ಮೇಲಿನ ಟವೆಲ್ಲಿನ ತುದಿ ಹಿಡಿದಳು. ಅಪ್ಪ ಕತ್ತಲಲ್ಲಿ ಸುತ್ತ ನೋಡಿದ. ಹೋಗುವುದಕ್ಕೆ ಹೊಲವೇ ಇರಲಿಲ್ಲ. ಮೆಲ್ಲಗೆ ಕೂತ.

ಅಪ್ಪ ಆಮೇಲೆ ಕಣ್ಣು ಮುಚ್ಚಲಿಲ್ಲ, ಕೊನೆಯವರೆಗೂ ನೋಡಿದ. ಅಂತೂ ಅವ್ವನ ಆಸೆ ತೀರಿತು ಅಂತ ನಾನು ಆ ಕಡೆ ತಿರುಗಿದರೆ, ಟವೆಲ್ಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವ್ವ ಗೊರಕೆ ಹೊಡೆಯುತ್ತಿದ್ದಳು.

ಹೊರಗೆ ಬಂದರೆ ಬಾಗಿಲಲ್ಲಿ ದೇವಸ್ಥಾನದ ಮುಂದಿನಂತೆ ಚಪ್ಪಲಿ ರಾಶಿ. ಟಿಕೆಟ್ ನೋಡುವ ಹೆಂಗಸು ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು, ಬರಿಗಾಲಲ್ಲಿ. "ಅಣ್ಣಾ, ನಾಳೆನೂ ಬಿಡಿಸ್ಬೇಕಾ?" ಅಂತ ಅಪ್ಪನನ್ನೇ ಕೇಳಿದಳು.

ಆಟೋದಲ್ಲಿ ಅವ್ವ ಮೆಲ್ಲಗೆ ಬಾಯಿಬಿಟ್ಟಳು. "ಕಣ್ಣು ಹತ್ತಿಬಿಡ್ತು. ಕೊನೆಗೆ ಏನಾಯ್ತು?"

ಆ ಸಿನಿಮಾದಲ್ಲಿ ಹೀರೋಗೆ ಮದುವೆಯೇ ಆಗಿರಲಿಲ್ಲ. ಕೊನೆಗೆ ಊರಿಗೆ ಊರೇ ಹೊಡೆದಾಡಿ ಸತ್ತಿತ್ತು. ನಾನು ಹೇಳಬೇಕು ಅನ್ನುವಷ್ಟರಲ್ಲಿ ಅಪ್ಪ ರಸ್ತೆ ನೋಡುತ್ತಾ ಅಂದ: "ಏನಾಯ್ತದೆ, ಈರೋ ಹೆಂಡ್ತಿನ ಕರ್ಕಂಡು ತವರಿಗೋದ."

ಅವ್ವ ಅಪ್ಪನ ಕಡೆ ತಿರುಗಿದಳು. "ಉಳ್ಕೊಂಡ್ನಾ, ಮಜ್ಜಿಗೆ ಕುಡ್ದು ಬಂದ್ನಾ?"

"ಉಳ್ಕಂಡ."

ಮರುದಿನ ಬೆಳಗ್ಗೆಯೇ ಇಬ್ಬರೂ ಚಿಕ್ಕಬಾಣಾವರದ ಬಸ್ ಹತ್ತಿದರು. ಮುಂದಿನ ಭಾನುವಾರ ಸೋದರಮಾವ ನನಗೆ ಫೋನ್ ಮಾಡಿದ. ದನಿ ತಗ್ಗಿಸಿದ್ದ.

"ಏನಮ್ಮಾ, ಭಾವ ಒರಡೋ ಮಾತೇ ಎತ್ತುತಿಲ್ಲ. ಕೇಳಿದ್ರೆ ಸಿನಿಮಾದಾಗೆ ಇಂಗೇ ಐತೆ ಅಂತವ್ರೆ. ನೀನೂ ನೋಡಿದ್ಯಲ್ಲ, ಅದ್ರಾಗೆ ಈರೋ ತಿರ್ಗಾ ಮನೆಗೆ ಓಗೋ ಸೀನು ಎಲ್ಲಾದ್ರೂ ಬರ್ತದಾ?"