ಹನ್ನೆರಡು ಗುಳಿಯ ಪೆಟ್ಟಿಗೆ

ಪೆಟ್ಟಿಗೆಯಲ್ಲಿ ಇದ್ದದ್ದು ಹನ್ನೆರಡೇ ಗುಳಿ. ಶುಕ್ರವಾರ ಸಂಜೆಯಿಂದ ಕೀಲಿರಾಯರ ಬಳಿ ಇದ್ದದ್ದು ಹದಿಮೂರು ಗಡಿಯಾರ. ತೊಂದರೆ ಶುರುವಾದದ್ದು ಇಷ್ಟರಿಂದಲೇ.

ಕೀಲಿರಾಯರು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತರು. ಅವರ ನಿಜವಾದ ಹೆಸರು ಬೇರೆ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹಳೆಯ ಜೇಬುಗಡಿಯಾರಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕೀಲಿ ಕೊಡುತ್ತಾರೆಂಬ ಸುದ್ದಿ ಕಚೇರಿ ಮುಟ್ಟಿದ ಮೇಲೆ ಆ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು. ಎಲ್ಲ ಗಡಿಯಾರವೂ ಅವರಿಗೆ ಬೇಕಿರಲಿಲ್ಲ. ಮುಚ್ಚಳದ ಮೇಲೆ ಕೆತ್ತನೆ ಇರಬೇಕು. ಬಳ್ಳಿಯೋ, ಓಡುವ ಕುದುರೆಯೋ, ಯಾರೋ ಯಾರಿಗೋ ಪ್ರೀತಿಯಿಂದ ಕೊಟ್ಟದ್ದೆಂಬ ಎರಡು ಸಾಲೋ, ಏನಾದರೂ ಸರಿ.

ಮೊದಮೊದಲು ಈ ಗಡಿಯಾರಗಳು ಮನೆಯ ತುಂಬ ಹರಡಿದ್ದವು. ಸಕ್ಕರೆ ಡಬ್ಬಿಯ ಹಿಂದೊಂದು, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಎರಡು. ಒಂದು ದಿನ ಚಹಾ ಕುಡಿಯುವಾಗ ಹೆಂಡತಿಯ ಹಲ್ಲಿಗೆ ಗಡಿಯಾರದ ಸಣ್ಣ ತಿರುಪು ಸಿಕ್ಕಿತು. ಆಕೆ ಜಗಳವಾಡಲಿಲ್ಲ. ಬಡಗಿಯನ್ನು ಕರೆಸಿ, ಒಳಗೆ ಮೆತ್ತನೆಯ ಬಟ್ಟೆ ಹಾಸಿದ ಹನ್ನೆರಡು ಗುಳಿಯ ಪೆಟ್ಟಿಗೆ ಮಾಡಿಸಿ ಗಂಡನ ಮುಂದಿಟ್ಟಳು.

"ಇದರಲ್ಲಿ ಹಿಡಿಸಿದಷ್ಟು ನಿಮ್ಮದು. ಹದಿಮೂರನೆಯದು ನನ್ನ ಕಣ್ಣಿಗೆ ಬಿತ್ತೋ, ಪೂರ್ತಿ ಪೆಟ್ಟಿಗೇನೇ ಎತ್ತಿ ನಮ್ಮಣ್ಣನಿಗೆ ಕೊಟ್ಬಿಡ್ತೀನಿ."

ಅಣ್ಣನದು ಪಾತ್ರೆಗಳಿಗೆ ಯಂತ್ರದಲ್ಲಿ ಪಾಲಿಶ್ ಹಾಕುವ ಅಂಗಡಿ. ಕೈಗೆ ಸಿಕ್ಕಿದ್ದೆಲ್ಲ ಕನ್ನಡಿಯ ಹಾಗೆ ಹೊಳೆಯದಿದ್ದರೆ ಆತನಿಗೆ ಅನ್ನ ಇಳಿಯದು. ಕೆತ್ತನೆಯ ಗೆರೆಗಳಲ್ಲಿ ನೂರು ವರ್ಷದಿಂದ ಕೂತ ಕಪ್ಪೇ ಚಿತ್ರಕ್ಕೆ ಜೀವ, ಅದನ್ನು ಉಜ್ಜಿದರೆ ಗೆರೆಯೂ ಸವೆದು ಹೋಗುತ್ತದೆ ಎಂದು ಕೀಲಿರಾಯರು ಒಮ್ಮೆ ತಿಳಿಸಿ ಹೇಳಿದ್ದರು. ಆತ ಕನಿಕರದಿಂದ ನೋಡಿ, "ಕೊಳೆ ಅಂದ್ರೆ ಕೊಳೆ ಕಣ್ರೀ" ಎಂದಿದ್ದ. ಅಂದಿನಿಂದ ಕೀಲಿರಾಯರು ಆ ಅಂಗಡಿಯ ಚಕ್ರವನ್ನು ಕನಸಿನಲ್ಲಿ ಕಂಡು ಬೆವರುತ್ತಿದ್ದರು.

ಹೀಗಿರುವಾಗ ಶುಕ್ರವಾರ, ಹಳೆಯ ಸಾಮಾನಿನ ಅಂಗಡಿಯಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯ ಅಡಿಯಲ್ಲಿ ಒಂದು ಬೆಳ್ಳಿ ಗಡಿಯಾರ ಸಿಕ್ಕಿತು. ಮುಚ್ಚಳದ ಮೇಲೆ ಜೊಂಡಿನ ನಡುವೆ ಒಂಟಿಗಾಲಲ್ಲಿ ನಿಂತ ಕೊಕ್ಕರೆ. ಯಂತ್ರದ್ದಲ್ಲ, ಕೈಯಲ್ಲಿ ಕೊರೆದ ಕೆಲಸ. ಕೊಕ್ಕರೆಯ ಕಾಲಿನ ಸುತ್ತ ನೀರಿನ ಮೂರು ಉಂಗುರ; ಮೂರನೆಯದು ಅರ್ಧಕ್ಕೇ ನಿಂತಿತ್ತು, ಕೆತ್ತುತ್ತಿದ್ದವನನ್ನು ಯಾರೋ ಊಟಕ್ಕೆ ಕರೆದ ಹಾಗೆ. ಇಪ್ಪತ್ತು ವರ್ಷದಲ್ಲಿ ಕೀಲಿರಾಯರು ಇಂಥದ್ದನ್ನು ಕಂಡಿರಲಿಲ್ಲ. ಮದುವೆಯ ದಿನವೂ ಅವರಿಗೆ ಇಷ್ಟು ಸಂತೋಷವಾಗಿರಲಿಲ್ಲ. ಇದನ್ನು ಅವರು ಯಾರ ಹತ್ತಿರವೂ ಹೇಳಲಿಲ್ಲ.

ಹೆಂಡತಿ ಶನಿವಾರ ಸಂಜೆ ಪೆಟ್ಟಿಗೆ ತೆರೆದು ಧೂಳು ಒರೆಸಿ ಎಣಿಸುತ್ತಿದ್ದಳು. ಎಣಿಸುತ್ತಿದ್ದಳು ಅಷ್ಟೆ, ನೋಡುತ್ತಿರಲಿಲ್ಲ. ಅವಳ ಪಾಲಿಗೆ ಎಲ್ಲವೂ ಟಿಕ್ ಟಿಕ್ ಎನ್ನುವ ಒಂದೇ ಜಾತಿಯ ಹುಳು. ಆದ್ದರಿಂದ ಶನಿವಾರ ಬೆಳಿಗ್ಗೆ ಕೀಲಿರಾಯರು ದ್ರಾಕ್ಷಿ ಬಳ್ಳಿಯ ನಿಕ್ಕಲ್ ಗಡಿಯಾರವನ್ನು ಗುಳಿಯಿಂದ ಎತ್ತಿ ಕೊಕ್ಕರೆಯನ್ನು ಅಲ್ಲಿ ಕೂರಿಸಿದರು. ನಿಕ್ಕಲ್ಲಿನದು ಬಡಪಾಯಿ. ಅರ್ಧ ಬಳ್ಳಿ ಸವೆದಿತ್ತು, ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು. ಆದರೂ ಹತ್ತು ವರ್ಷ ಎಣ್ಣೆ ಹಾಕಿ ಸಾಕಿದ್ದು. ಅದನ್ನು ಜೇಬಿಗೆ ಹಾಕಿಕೊಳ್ಳುವಾಗ ಕೀಲಿರಾಯರಿಗೆ ಅಳು ಬಂದಂತಾಯಿತು.

ಮಾರುವಂತಿಲ್ಲ, ಹಳೆಯ ಗಡಿಯಾರ ಕೊಳ್ಳುವ ರಿಪೇರಿಯವನು ಹೆಂಡತಿಗೆ ದೂರದ ಸಂಬಂಧಿ. ಗೆಳೆಯರಿಗೆ ಕೊಡುವಂತಿಲ್ಲ, ಅವರ ಹೆಂಡತಿಯರೆಲ್ಲ ಇವರ ಹೆಂಡತಿಯ ಜೊತೆ ಹೊಲಿಗೆ ಕಲಿಯುತ್ತಾರೆ. ಉಳಿದದ್ದು ಒಂದೇ ದಾರಿ, ಅದು ಕಳೆದುಹೋಗುವುದು. ಕೀಲಿರಾಯರು ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಗಡಿಯಾರವನ್ನು ಮೆಲ್ಲಗೆ ಜಾರಿಸಿ, ಹಿಂತಿರುಗಿ ನೋಡದೆ ಇಳಿದರು.

ಹನ್ನೊಂದು ಗಂಟೆಗೆ ಕಂಡಕ್ಟರ್ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಗಡಿಯಾರ, ಮುಖದಲ್ಲಿ ಹೆಮ್ಮೆ.

"ಇಲ್ಲಿ ದೂರಿನ ಗುಮಾಸ್ತರು ಯಾರ್ರೀ?"

ಹನ್ನೆರಡು ಬೆರಳು ಒಟ್ಟಿಗೆ ಕೀಲಿರಾಯರ ಕಡೆ ತಿರುಗಿದವು.

"ಸೀಟಲ್ಲಿ ಬಿಟ್ಟು ಹೋಗಿದ್ರಿ ಸಾರ್. ಹಿಂದಿನ ಮುಚ್ಚಳ ತೆಗೆದ್ರೆ ನಿಮ್ಮ ಹೆಸರು, ಮನೆ, ಆಫೀಸು, ಎಲ್ಲಾ ಇದೆ. ಇಂಥ ಮುಂಜಾಗ್ರತೆ ನಾನು ಎಲ್ಲೂ ನೋಡಿಲ್ಲ."

ಕೀಲಿರಾಯರ ಮುಖ ಹುಳ್ಳಗಾಯಿತು. ಗಡಿಯಾರ ಬಿಚ್ಚಿ ಎಣ್ಣೆ ಹಾಕಿದ ದಿನ, ಹಿಂದಿನ ಮುಚ್ಚಳದೊಳಗೆ ದುಂಡಗೆ ಕತ್ತರಿಸಿದ ಒಂದು ಚೀಟಿ ಇಡುವುದು ಅವರ ಪದ್ಧತಿ. ಹಳೆಯ ಕಾಲದ ರಿಪೇರಿಯವರು ಹಾಗೆ ಮಾಡುತ್ತಿದ್ದರು. ಚೀಟಿಯಲ್ಲಿ ಎಣ್ಣೆ ಹಾಕಿದ ತಾರೀಕು, ಎಷ್ಟು ಮುಂದೆ, ಎಷ್ಟು ಹಿಂದೆ, ಯಾರ ಗಡಿಯಾರ, ಎಲ್ಲಿಯವರು ಎಂಬುದನ್ನೆಲ್ಲ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಆ ಬರವಣಿಗೆಯ ಬಗ್ಗೆ ಅವರಿಗೆ ಒಳಗೊಳಗೇ ಬಹಳ ಅಭಿಮಾನ. ಉಸಿರಾಡುವುದು ಹೇಗೆ ನೆನಪಿರುವುದಿಲ್ಲವೋ ಹಾಗೆ ಬೆಳಿಗ್ಗೆ ಅದು ನೆನಪಾಗಿರಲಿಲ್ಲ.

ಕಂಡಕ್ಟರ್ ಹೋದ ಮೇಲೆ ಚೀಟಿ ಕಿತ್ತು ಹಾಕೋಣವೆಂದು ಮುಚ್ಚಳಕ್ಕೆ ಉಗುರು ಹಾಕಿದರು. ಆ ಪುಣ್ಯಾತ್ಮ ಅದನ್ನು ಬಸ್ಸಿನ ಬಾಗಿಲು ಹಾಕುವ ರಭಸದಲ್ಲಿ ಒತ್ತಿದ್ದ. ಉಗುರು ಮುರಿಯಿತು, ಮುಚ್ಚಳ ಅಲುಗಲಿಲ್ಲ. ಅದಕ್ಕೆಂದೇ ಇರುವ ತೆಳ್ಳನೆಯ ಚಾಕು ಮನೆಯಲ್ಲಿತ್ತು.

"ಏನಾಯ್ತು ರಾಯರೇ?" ಎಂದು ಪಕ್ಕದ ಮೇಜಿನ ಟೈಪಿಸ್ಟ್ ಬಂದಳು. "ಕೊಡಿ, ನಂಗೆ ಉಗುರು ಉದ್ದ ಇದೆ."

"ಬಿಸಿನೀರಲ್ಲಿ ಅದ್ದಿ ನೋಡಿ" ಎಂದು ಸಲಹೆ ಕೊಟ್ಟದ್ದು ನಲ್ಲಿ ಇನ್‌ಸ್ಪೆಕ್ಟರು. ಅವರಿಗೆ ಜಗತ್ತಿನ ಎಲ್ಲ ಬಿಗಿ ವಸ್ತುವೂ ನಲ್ಲಿಯೇ.

ಮೇಲ್ವಿಚಾರಕಿ ಕನ್ನಡಕ ಏರಿಸಿದರು. "ಕಳ್ಕೊಂಡದ್ದು ಈಗ ತಾನೆ ಸಿಕ್ಕಿದೆ. ಮತ್ತೆ ಅದನ್ನ ಬಿಚ್ಚೋಕೆ ಕೂತಿದ್ದೀರಲ್ಲ, ನಿಮಗೆ ಬೇರೆ ಕೆಲಸ ಇಲ್ವಾ? ಸಂಜೆ ನಿಮ್ಮ ಮನೆಯವರಿಗೆ ಫೋನ್ ಮಾಡಿ ಹೇಳ್ತೀನಿ, ಜೇಬಿಗೆ ಒಂದು ಸರಪಳಿ ಹೊಲಿದು ಕೊಡಿ ಅಂತ."

"ಅಯ್ಯೋ ಬೇಡ ಮೇಡಂ" ಎಂದ ಕೀಲಿರಾಯರ ದನಿಯಲ್ಲಿ ಎಂಥ ದೈನ್ಯವಿತ್ತೆಂದರೆ, ಆಕೆ ಫೋನಿನ ಮಾತು ಬಿಟ್ಟು ನೀರು ಕುಡಿಯಲು ಹೇಳಿದರು.

ಶನಿವಾರ ಅರ್ಧ ದಿನವೇ ಕೆಲಸ. ಎರಡು ಗಂಟೆಗೆ ಹೊರಬಿದ್ದ ಕೀಲಿರಾಯರು ಮಾರುಕಟ್ಟೆಗೆ ನಡೆದರು. ಬಿಟ್ಟು ಹೋದ ವಸ್ತುವನ್ನು ಜನ ಹಿಂದೆ ತರುತ್ತಾರೆ. ತನ್ನದೇ ಜೇಬಿನಲ್ಲಿ ಸಿಕ್ಕಿದ್ದನ್ನು ಯಾರು ತರುತ್ತಾರೆ? ಹಣ್ಣಿನ ಅಂಗಡಿಯ ಸಾಲಿನಲ್ಲಿ ಅವರ ಮುಂದೆ ಒಬ್ಬ ದಢೂತಿ ಮನುಷ್ಯ ನಿಂತಿದ್ದ. ಅವನ ಕೋಟಿನ ಜೇಬು ಚೀಲದ ಬಾಯಿಯಂತೆ ತೆರೆದಿತ್ತು. ಕೀಲಿರಾಯರು ಉಸಿರು ಬಿಗಿಹಿಡಿದು ಗಡಿಯಾರವನ್ನು ಅದರೊಳಗೆ ಇಳಿಬಿಟ್ಟರು. ಬೆರಳು ಇನ್ನೂ ಒಳಗಿರುವಾಗಲೇ ಮಣಿಕಟ್ಟಿನ ಮೇಲೆ ಒಂದು ಭಾರಿ ಹಸ್ತ ಬಂದು ಕೂತಿತು.

"ಕಳ್ಳ! ಜೇಬಿಗೆ ಕೈ ಹಾಕ್ತಾನೆ, ಕಳ್ಳ!"

"ನಾನು ತೆಗೀತಿರಲಿಲ್ಲ ಸ್ವಾಮಿ, ಹಾಕ್ತಿದ್ದೆ!"

ಸೇರಿದ ಜನ ನಕ್ಕರು. ಇಷ್ಟು ವರ್ಷದಲ್ಲಿ ಎಷ್ಟೋ ಜೇಬುಗಳ್ಳರು ಎಷ್ಟೋ ನೆಪ ಹೇಳಿದ್ದಾರೆ, ಇದು ಮಾತ್ರ ಹೊಸತು ಎಂದು ಹಣ್ಣಿನವಳು ಮೆಚ್ಚಿಕೊಂಡಳು. ಅಷ್ಟರಲ್ಲಿ ಪೊಲೀಸಿನವರೊಬ್ಬರು ಮೋಟರ್‌ಸೈಕಲ್ ನಿಲ್ಲಿಸಿ ಬಂದರು. ದಢೂತಿ ಮನುಷ್ಯ ಜೇಬು ತಡವಿ ಗಡಿಯಾರ ಹೊರತೆಗೆದ. ಅವನ ಬಾಯಿ ತೆರೆದುಕೊಂಡಿತು.

"ಇದು ನನ್ನದಲ್ಲ."

"ಹಾಗಾದ್ರೆ ನಿಮ್ಮದಾ?" ಪೊಲೀಸಿನವರು ಕೀಲಿರಾಯರನ್ನು ಕೇಳಿದರು.

ಹೌದೆಂದರೆ ಗಡಿಯಾರ ಮತ್ತೆ ಕುತ್ತಿಗೆಗೆ ಬೀಳುತ್ತದೆ, ಬೇರೆಯವನ ಜೇಬಿಗೆ ಏಕೆ ಹಾಕಿದೆ ಎಂದು ಬೇರೆ ಹೇಳಬೇಕು. ಕೀಲಿರಾಯರ ತಲೆ ಹಿಂದೆಂದೂ ಓಡದಷ್ಟು ಚುರುಕಾಗಿ ಓಡಿತು.

"ಅಲ್ಲ ಸಾರ್. ನೆಲದ ಮೇಲೆ ಬಿದ್ದಿತ್ತು. ಇವರ ಜೇಬಿಂದ ಬಿತ್ತೇನೋ ಅಂದ್ಕೊಂಡು ವಾಪಸ್ ಹಾಕ್ತಿದ್ದೆ."

ದಢೂತಿ ಮನುಷ್ಯ ಮಣಿಕಟ್ಟು ಬಿಟ್ಟು ಅದೇ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು. "ಕ್ಷಮಿಸಿಬಿಡಿ ಅಣ್ಣಾ. ದೇವರಂಥ ಮನುಷ್ಯನ್ನ ಕಳ್ಳ ಅಂದ್ಬಿಟ್ಟೆ."

ಪೊಲೀಸಿನವರು ಗಡಿಯಾರವನ್ನು ತಿರುವಿ ನೋಡಿ, ಬೆಲ್ಟಿನ ಬಕಲ್ಲಿನ ಮುಳ್ಳನ್ನು ಹಿಂದಿನ ಮುಚ್ಚಳದ ಸಂದಿಗೆ ಒತ್ತಿದರು.

"ಹಾಗಲ್ಲ ಸಾರ್, ಗೀರು ಬೀಳುತ್ತೆ!" ಕೀಲಿರಾಯರು ಚೀರಿಬಿಟ್ಟರು. "ಕೀಲಿನ ಎದುರು ಕಡೆಯಿಂದ ಎತ್ತಬೇಕು!"

"ನಿಮ್ಮದಲ್ಲ ಅಂದ್ರಿ?"

"ನನ್ನದಲ್ಲ. ಆದ್ರೆ ಯಾರದ್ದೇ ಆಗಲಿ, ನೋಯುತ್ತಲ್ಲ ಸಾರ್."

ಜನ ಆ ಮಾತಿಗೆ ಕರಗಿಹೋದರು. ಮುಚ್ಚಳ ತೆರೆಯಿತು. ಪೊಲೀಸಿನವರು ಚೀಟಿಯನ್ನು ದೂರ ಹಿಡಿದು ಓದಿದರು. "ಓ, ಮಾಲೀಕರ ವಿಳಾಸವೇ ಇದೆಯಲ್ಲ! ಹತ್ತು ನಿಮಿಷದ ದಾರಿ. ನಾನೇ ಕೊಟ್ಟು ಬರ್ತೀನಿ."

"ನನಗೆ ಅದೇ ದಾರಿ ಸಾರ್, ನಾನು ಕೊಡ್ತೀನಿ!"

"ಇಲ್ಲ, ಬಿದ್ದು ಸಿಕ್ಕಿದ ಮಾಲು. ನಾವೇ ಕೊಟ್ಟು ಸಹಿ ತಗೋಬೇಕು. ನಿಮ್ಮ ಹೆಸರು ಹೇಳಿ, ಅವರಿಗೆ ತಿಳಿಸ್ತೀನಿ."

ಚೀಟಿಯಲ್ಲಿರುವ ಹೆಸರನ್ನೇ ಹೇಳುವುದು ಹೇಗೆ? "ಹೆಸರು ಯಾಕೆ ಬಿಡಿ ಸಾರ್" ಎಂದು ಕೀಲಿರಾಯರು ತಲೆ ತಗ್ಗಿಸಿದರು. ಯಾರೋ ಚಪ್ಪಾಳೆ ತಟ್ಟಿದರು. ಮೋಟರ್‌ಸೈಕಲ್ ಹೊರಟೇಹೋಯಿತು.

ಕೀಲಿರಾಯರು ಓಡಲು ಕಾಲೆತ್ತಿದರೆ ದಢೂತಿ ಮನುಷ್ಯ ಬಿಡಲೊಲ್ಲ. ಪರಂಗಿ ಹಣ್ಣು ತಿನ್ನದೆ ಹೋದರೆ ತನ್ನ ಮನಸ್ಸಿನ ಭಾರ ಇಳಿಯುವುದಿಲ್ಲ ಎಂದು ಅಡ್ಡ ನಿಂತ. ಮೂರು ಹೋಳು ನುಂಗಿ, ಗಲ್ಲದಿಂದ ರಸ ಇಳಿಯುತ್ತಿರುವಂತೆಯೇ ಕೀಲಿರಾಯರು ಕಾಲಿಗೆ ಬುದ್ಧಿ ಹೇಳಿದರು. ದಾರಿಯುದ್ದಕ್ಕೂ ಕಣ್ಣಮುಂದೆ ಭಾವನ ಚಕ್ರ ಗಿರಗಿರ ತಿರುಗುತ್ತಿತ್ತು. ಹನ್ನೆರಡು ಇದ್ದ ಮನೆಗೆ ಪೊಲೀಸರೇ ಹದಿಮೂರನೆಯದನ್ನು ತಲುಪಿಸಿರುತ್ತಾರೆ. ಇನ್ನು ಕಾಲಿಗೆ ಬಿದ್ದು ನಿಜ ಹೇಳುವುದೇ ಸೈ ಎಂದು ನಿಶ್ಚಯಿಸಿ ಬಾಗಿಲು ತಳ್ಳಿದರು.

ಹೆಂಡತಿ ಮೇಜಿನ ಮುಂದೆ ಕೂತಿದ್ದಳು. ಪೆಟ್ಟಿಗೆ ತೆರೆದಿತ್ತು.

"ಬಂದ್ರಾ? ಒಬ್ಬರು ಪೊಲೀಸಿನವರು ಬಂದಿದ್ರು."

"ನೋಡೇ, ನಾನು ಎಲ್ಲಾ ಹೇಳ್ಬಿಡ್ತೀನಿ..."

"ನೀವೇನು ಹೇಳೋದು, ನಾನು ಹೇಳೋದು ಕೇಳಿ." ಆಕೆ ನಗುತ್ತಿದ್ದಳು. "ಈ ಬಳ್ಳಿ ಗಡಿಯಾರ ತಂದು, ನಿಮ್ಮದೇ ಅಂದ್ರು. ನಮ್ಮ ಹನ್ನೆರಡೂ ಇಲ್ಲೇ ಇವೆಯಲ್ಲ ಅಂತ ಪೆಟ್ಟಿಗೆ ತೋರಿಸಿದೆ. ಎಣಿಸಿದ್ರೆ ಹೌದು, ಹನ್ನೆರಡೇ! ಒಂದು ಗಳಿಗೆ ನನಗೂ ಪಾಪದ ಯೋಚನೆ ಬಂತು, ನನಗೆ ಗೊತ್ತಾಗದ ಹಾಗೆ ಹದಿಮೂರನೆಯದು ತಂದ್ರೇನೋ ಅಂತ. ಆಮೇಲೆ ಪೊಲೀಸಿನವರೇ ಬೆಲ್ಟಿನ ಮುಳ್ಳು ಹಾಕಿ ಒಂದೊಂದನ್ನೇ ತೆಗೆದು ನೋಡಿದ್ರು."

"ಎಲ್ಲಾನೂ?" ಕೀಲಿರಾಯರು ಕುರ್ಚಿ ಹಿಡಿದುಕೊಂಡರು.

"ಎಲ್ಲಾನೂ. ಹನ್ನೊಂದರಲ್ಲಿ ನಿಮ್ಮ ಚೀಟಿ ಇತ್ತು. ಒಂದರಲ್ಲಿ ಮಾತ್ರ ಇಲ್ಲ, ಆ ಕಪ್ಪು ಕೊಕ್ಕರೆಯದರಲ್ಲಿ. ಆಗ ನನಗೆ ಅರ್ಥ ಆಯ್ತು. ನಿಮ್ಮದಾಗಿದ್ರೆ ಚೀಟಿ ಇಡದೆ ಇರ್ತೀರಾ? ಎಲ್ಲೋ ಕೊಡೆ ಅದಲುಬದಲಾದ ಹಾಗೆ, ನಿಮ್ಮದನ್ನ ಬಿಟ್ಟು ಬೇರೆ ಯಾರದ್ದನ್ನೋ ಎತ್ಕೊಂಡು ಬಂದಿದ್ದೀರಿ. ಕಣ್ಣಿಗೆ ಕನ್ನಡಕ ಹಾಕಿಸ್ಕೊಳ್ಳಿ ಅಂತ ಎಷ್ಟು ಸಲ ಹೇಳಿದ್ದೀನಿ."

ಎಣ್ಣೆ ಹಾಕದೆ ಚೀಟಿ ಇಡುವ ಪದ್ಧತಿ ಕೀಲಿರಾಯರದಲ್ಲ. ಕೊಕ್ಕರೆಗೆ ಭಾನುವಾರ ಎಣ್ಣೆ ಹಾಕಬೇಕೆಂದಿದ್ದರು.

"ಅದು ಈಗ ಎಲ್ಲಿದೆ?" ಅವರ ಬಾಯಿಂದ ಗಾಳಿ ಮಾತ್ರ ಬಂದಂತಿತ್ತು.

"ಪೊಲೀಸಿನವರ ಕೈಗೆ ಕೊಟ್ಟೆ. ಇನ್ನೊಬ್ಬರ ವಸ್ತು ನಮಗ್ಯಾಕೆ? ಇದು ನನ್ನ ಗಂಡನದಲ್ಲ ಅಂತ ಬರೆದು ಸಹಿನೂ ಹಾಕಿದ್ದೀನಿ. ಮಾಲೀಕ ಬಂದ್ರೆ, ಎಲ್ಲಿಂದ ತಂದ, ಹೇಗೆ ಕಳ್ಕೊಂಡ ಅಂತ ವಿಚಾರಿಸಿಯೇ ಕೊಡ್ತಾರಂತೆ."

ಕೀಲಿರಾಯರು ಮೆಲ್ಲಗೆ ಕೂತರು. ಅರ್ಧಕ್ಕೆ ನಿಂತ ಆ ಮೂರನೆಯ ಉಂಗುರವನ್ನು ಬೆರಳು ತಾನಾಗಿಯೇ ಮೇಜಿನ ಮೇಲೆ ಬರೆಯಿತು. ಸೋಮವಾರವೇ ಠಾಣೆಗೆ ಹೋಗಿ, ಹೆಂಡತಿಗೆ ತಿಳಿಯದ ಹಾಗೆ, ಅಲ್ಲಿ ಯಾರಾದರೂ ಬೇರೆ ಪೊಲೀಸಿನವರನ್ನು ಕಂಡು, ಹೇಗಾದರೂ ಮಾಡಿ ಎಂದು ಅವರ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು.

ಹೆಂಡತಿ ಬಳ್ಳಿಯ ಗಡಿಯಾರವನ್ನು ಸೆರಗಿನಿಂದ ಒರೆಸಿ ಖಾಲಿ ಗುಳಿಯಲ್ಲಿ ಇಟ್ಟು, ಪೆಟ್ಟಿಗೆ ಮುಚ್ಚಿದಳು.

"ಇದನ್ನ ಹುಡುಕಿ ಕೊಟ್ಟ ಮನುಷ್ಯ ಹೆಸರೂ ಹೇಳಲಿಲ್ಲವಂತೆ. ಗಡಿಯಾರಕ್ಕೆ ಗೀರು ಬಿದ್ರೆ ನೋಯುತ್ತೆ ಅಂದ್ರಂತೆ. ಎಂಥವರಿರ್ತಾರೆ ನೋಡಿ! ಪೊಲೀಸಿನವರು ಠಾಣೆಯಲ್ಲಿ ಎಲ್ಲರಿಗೂ ಅವರ ಮುಖದ ಗುರುತು ಹೇಳಿಡ್ತಾರಂತೆ, ಕಂಡ ತಕ್ಷಣ ಕೂರಿಸಿ ನಮ್ಮನ್ನ ಕರೆಸ್ತಾರಂತೆ. ನಾನೇ ಹೋಗಿ ಕೈಮುಗಿದು ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ." ಆಕೆ ಗಂಡನ ಮುಖವನ್ನು ಹತ್ತಿರದಿಂದ ನೋಡಿದಳು. "ಅದೇನ್ರೀ ಗಲ್ಲದ ಮೇಲೆ, ಪರಂಗಿ ಹಣ್ಣಾ?"