ಅತ್ತೆಯ ಊರುಗೋಲಿಗೊಂದು ಬೂಚು

ಜಗತ್ತಿನಲ್ಲಿ ಕೊಳ್ಳುವ ಚಟದವರಿದ್ದಾರೆ, ಎಸೆಯುವ ಚಟದವರೂ ಇದ್ದಾರೆ. ನನ್ನದು ಎತ್ತಿಡುವ ಚಟ. ಹೊಸ ಸೀರೆಯ ಮಡಿಕೆಯೊಳಗಿನ ರಟ್ಟು, ಮದುವೆ ಪತ್ರಿಕೆಯ ಜರಿ ದಾರ, ಮುಲಾಮು ಮುಗಿದ ಡಬ್ಬಿ, ಒಂಟಿಯಾಗಿ ಉಳಿದ ಗುಂಡಿ, ಯಾವುದನ್ನು ಕಂಡರೂ ನನ್ನ ಬಾಯಿಂದ ಬರುವ ಮಾತು ಒಂದೇ: ಇರಲಿ, ಮುಂದೆ ಯಾವುದಕ್ಕಾದರೂ ಬರುತ್ತದೆ. ಆ 'ಮುಂದೆ' ಎನ್ನುವುದು ಮೂವತ್ತು ವರ್ಷಗಳಾದರೂ ಇನ್ನೂ ನಮ್ಮೂರು ಆಳಂದಕ್ಕೆ ಬಂದು ತಲುಪಿಲ್ಲ. ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನಮ್ಮ ಯಜಮಾನರು ಬಂದವರೆದುರಿಗೆಲ್ಲ ಹೇಳುವುದುಂಟು, "ಈ ಮನ್ಯಾಗಿಂದ ಏನರೆ ಹೊರಗ ಒಗಿಯೂದು ಬಂದ್ರ ಮೊದಲ ನನ್ನ ಒಗೀತಾಳ್ರಿ, ಖಾಲಿ ಡಬ್ಬಿ ಹಂಗೇ ಇರ್ತಾವ." ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ಯಾವ ವಸ್ತುವೂ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ ಎಂದು ಪಾಠದ ಧಾಟಿಯಲ್ಲಿ ಉತ್ತರ ಕೊಡುತ್ತೇನೆ. ನಮ್ಮ ಅಟ್ಟದ ಮೇಲೆ ಮಾತ್ರ ಯಾವುದೂ ರೂಪವನ್ನೂ ಬದಲಿಸದೆ ಇಟ್ಟಲ್ಲೇ ಕುಳಿತಿರುತ್ತದೆ.

ಈ ಚಟ ನನ್ನ ತವರಿನದು ಎನ್ನುವುದಕ್ಕೆ ನನ್ನ ತಮ್ಮ ಮಲ್ಲುವೇ ಸಾಕ್ಷಿ. ಅವನು ಹೈದರಾಬಾದಿನ ಒಂದು ದೊಡ್ಡ ಹೋಟೆಲಿನಲ್ಲಿ ಅಡುಗೆಯವನು. ಅಲ್ಲಿ ಊಟದ ಜೊತೆ ವೈನ್ ಕುಡಿಯುವವರು ಬರುತ್ತಾರಂತೆ. ಒಂದೊಂದು ಬಾಟಲಿ ತೆರೆದಾಗಲೂ ಅದರ ಬಾಯಿಗೆ ತುರುಕಿದ್ದ ಬೂಚು ಕಸದ ಬುಟ್ಟಿಗೆ ಹೋಗುವುದನ್ನು ನೋಡಿ ಅವನ ಕರುಳು ಚುರುಕ್ ಎಂದಿದೆ. ಉಳಿದವರ ತಮ್ಮಂದಿರು ಹೈದರಾಬಾದಿನಿಂದ ಬಿಸ್ಕೀಟು, ಬಳೆ ತಂದರೆ ನನ್ನ ತಮ್ಮ ಯುಗಾದಿಗೆ ಬರುವಾಗ ಅಕ್ಕಿ ಚೀಲದಲ್ಲಿ ಅರ್ಧ ಚೀಲ ಬೂಚು ತಂದ. "ಅಕ್ಕಾ, ಕೈಯಾಗ ಹಿಡದು ನೋಡು. ಹಗುರ ಅದ, ಮೆತ್ತಗ ಅದ. ಒಗೀಲಾಕ ಮನಸ್ಸೇ ಬರಲಿಲ್ಲ" ಎಂದ. ನನ್ನ ಕಣ್ಣು ತುಂಬಿ ಬಂತು. ಒಡಹುಟ್ಟಿದವರು ಎಂದರೆ ಇವರು.

ಆದರೆ ನಮ್ಮದು ಎಂಥ ಮನೆ ಎನ್ನುವುದನ್ನೂ ಹೇಳಬೇಕು. ನಮ್ಮ ಅತ್ತೆ ದಿನವೂ ಲಿಂಗಪೂಜೆ ಆಗದೆ ಗುಟುಕು ನೀರು ಕುಡಿಯುವವರಲ್ಲ. ಹೆಂಡ, ಸೆರೆ ಮಾರುವ ಅಂಗಡಿಯ ಮುಂದೆ ಹಾದು ಹೋಗಬೇಕಾಗುತ್ತದೆಂದು ಸುತ್ತು ಹಾಕಿ ಬೇರೆ ಓಣಿಯಿಂದ ಸಂತೆಗೆ ಹೋದವರು. ಅವರು ಚೀಲದಿಂದ ಒಂದು ಬೂಚು ಎತ್ತಿ, ಅದರ ಮೇಲಿನ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, "ಸುವರ್ಣಾ, ಇದರ ಮ್ಯಾಗ ದ್ರಾಕ್ಷಿ ಗೊಂಚಲ ಅದಲ್ಲ ಬೇ, ಏನಿದು?" ಎಂದರು. ಮಲ್ಲು ಗೋಡೆಯ ಕಡೆ ತಿರುಗಿಕೊಂಡ. ನಾನು ಒಂದು ಕ್ಷಣವೂ ತಡವರಿಸಲಿಲ್ಲ. "ದವಾಖಾನಿದು ರೀ ಅತ್ತಿ. ದ್ರಾಕ್ಷಿ ಹಾಕಿ ಮಾಡಿದ ಔಷಧದ ಬಾಟ್ಲಿ ಬೂಚು" ಎಂದುಬಿಟ್ಟೆ. ಅತ್ತೆ ತಲೆಯಾಡಿಸಿದರು. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು ಎಂದರೆ ಕ್ಷಮಿಸಬೇಕು.

ಆಮೇಲೆ ಶುರುವಾಯಿತು ನನ್ನ ಕರಕುಶಲ ಪರ್ವ. ಫೋನಿನಲ್ಲಿ ನೋಡಿದರೆ ಯಾರೋ ಒಬ್ಬಳು ಬೂಚುಗಳಿಂದ ಹಾರ, ತೋರಣ, ಫೋಟೋ ಚೌಕಟ್ಟು ಎಲ್ಲ ಮಾಡಿ ನಗುತ್ತ ನಿಂತಿದ್ದಳು. ನಾನೂ ಬೂಚುಗಳನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು, ರಟ್ಟಿಗೆ ಅಂಟಿಸಿ, ಬಿಸಿ ಪಾತ್ರೆ ಇಡಲು ಒಂದು ಮಣೆ ಮಾಡಿದೆ. ಮೊದಲ ದಿನವೇ ಕುದಿಯುವ ಬೇಳೆಯ ಪಾತ್ರೆಗೆ ಅಂಟು ಕರಗಿ, ಪಾತ್ರೆ ಎತ್ತಿದರೆ ಮಣೆಯೂ ಜೊತೆಗೇ ಎದ್ದು ಬಂತು. ಯಜಮಾನರ ಬೀಗದ ಕೈಗೆ ಒಂದು ಬೂಚು ಪೋಣಿಸಿ, ನೀರಿಗೆ ಬಿದ್ದರೂ ತೇಲುತ್ತದೆ ಎಂದೆ. ಅವರು, "ನಮ್ಮೂರಾಗ ಬೀಗದ ಕೈ ಬೀಳುವಷ್ಟು ನೀರು ಎಲ್ಲದ ಅಂತ ಮೊದಲ ತೋರಸು" ಎಂದರು. ಕೈತೋಟದಲ್ಲಿ ಕಡ್ಡಿಯ ತುದಿಗೆ ಬೂಚು ಚುಚ್ಚಿ, ಅದರ ಮೇಲೆ ಕೊತ್ತಂಬರಿ, ಮೆಂತ್ಯ, ಪುಂಡಿ ಎಂದು ಅಂದವಾಗಿ ಬರೆದು ನೆಟ್ಟೆ. ಪಕ್ಕದ ಮನೆಯ ಆಡು ಬಂದು ಸೊಪ್ಪನ್ನೆಲ್ಲ ತಿಂದು ಹೆಸರುಗಳನ್ನು ಬಿಟ್ಟು ಹೋಯಿತು. ಸುಮಾರು ಒಂದು ವಾರ ನಮ್ಮ ಅಂಗಳದಲ್ಲಿ ಬರೀ ಮಣ್ಣು, ಅದರ ಮೇಲೆ ಚೆಂದದ ಅಕ್ಷರಗಳು. ಗೆದ್ದದ್ದು ಒಂದೇ: ಹಿಡಿಯುವ ಗುಂಡು ಕಿತ್ತುಹೋಗಿದ್ದ ಪಾತ್ರೆ ಮುಚ್ಚಳಗಳಿಗೆ ಬೂಚು ಸಿಕ್ಕಿಸಿದೆ. ಕೈ ಸುಡಲಿಲ್ಲ. ಅದನ್ನು ಯಾರೂ ಹೊಗಳಲಿಲ್ಲ ಎನ್ನುವುದು ಬೇರೆ ಮಾತು.

ಇಷ್ಟರಲ್ಲಿ ಬೇಸಿಗೆಯಲ್ಲಿ ಅತ್ತೆ ಅಂಗಳದಲ್ಲಿ ಜಾರಿ ಬಿದ್ದರು. ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಡಾಕ್ಟರು ಖಡಾಖಂಡಿತವಾಗಿ ಹೇಳಿದರು, ಕೋಲು ಹಿಡಿದು ದಿನವೂ ನಡೆಯಬೇಕು, ಕೂತರೆ ಮೊಣಕಾಲು ಕೂತೇಬಿಡುತ್ತದೆ ಎಂದು. ಮನೆಯಲ್ಲಿ ಮಾವನವರ ಸಾಗವಾನಿ ಊರುಗೋಲು ಇತ್ತು, ತುದಿಗೆ ಕಬ್ಬಿಣದ ಟೊಪ್ಪಿಗೆ. ಅದನ್ನು ಹಿಡಿದು ಅತ್ತೆ ಒಂದು ಸೋಮವಾರ ಮೂರು ಓಣಿ ಆಚೆಯ ಮಠಕ್ಕೆ ಸಂಜೆಯ ಪ್ರವಚನಕ್ಕೆ ಹೋದರು. ಮಠದಲ್ಲಿ ಶಹಾಬಾದ್ ಪರಸಿ ಕಲ್ಲು ಹಾಸಿದೆ. ಅದರ ಮೇಲೆ ಕೋಲು ಟಣ್ ಟಣ್ ಎಂದದ್ದೇ ತಡ, ಪ್ರವಚನ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, "ಹಿರ್ಯಾರ ಬಂದಾರ, ದಾರಿ ಬಿಡ್ರಿ, ಒಂದು ಕುರ್ಚಿ ಕೊಡ್ರಿ" ಎಂದರಂತೆ. ಇಡೀ ಸಭೆ ಹೊರಳಿ ನೋಡಿತಂತೆ. ನಲವತ್ತು ವರ್ಷ ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತವರಿಗೆ ಅಂದು ಹಿಂದೆ ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ.

ಮನೆಗೆ ಬಂದವರೇ ಕೋಲನ್ನು ಮೂಲೆಗೆ ಒರಗಿಸಿದರು. "ಮುದುಕಿ ಬಂದಳು ಅಂತ ಡಂಗುರ ಸಾರಾಕತ್ತದ ಈ ಬಡಿಗಿ. ನಾ ಇನ್ ಎಲ್ಲೂ ಹೋಗಂಗಿಲ್ಲ" ಎಂದರು. ಅಂಗಡಿಯ ರಬ್ಬರು ತುದಿ ತಂದೆವು, ಆ ದಪ್ಪ ಕೋಲಿಗೆ ಹೊಂದಲಿಲ್ಲ. ದವಾಖಾನೆಯ ಅಲ್ಯೂಮಿನಿಯಂ ಕೋಲು ತಂದೆವು, ಅದನ್ನು ಮುಟ್ಟಲಿಲ್ಲ. ಹೊರಸಿನ ಮಂಚದ ಮೇಲೆ ಕುಳಿತರು, ಕುಳಿತೇ ಇದ್ದರು. ಜೇವರ್ಗಿಯಲ್ಲಿರುವ ನನ್ನ ನಾದಿನಿ ಫೋನಿನಲ್ಲಿ ಅತ್ತಳು. ಎದ್ದು ಅಡುಗೆ ಮನೆಗೆ ಬರುವುದಕ್ಕೂ ಅತ್ತೆ ಗೋಡೆ ಹಿಡಿಯತೊಡಗಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನ ಅಡುಗೆಗೆ ಕೊಂಕು ಹೇಳಲು ಕೂಡ ಅವರು ಎದ್ದು ಬರುತ್ತಿರಲಿಲ್ಲ.

ಆ ಹೆದರಿಕೆಯಲ್ಲೇ ಒಂದು ಭಾನುವಾರ ಬೂಚಿನ ಚೀಲ ನೆನಪಾಯಿತು. ಕೋಲಿನ ಕಬ್ಬಿಣದ ಟೊಪ್ಪಿಗೆ ಕಿತ್ತೆ. ತುದಿಯನ್ನು ಚಾಕುವಿನಿಂದ ಸಣ್ಣಗೆ ಹೆರೆದೆ. ಕಾಯಿಸಿದ ಸ್ಕ್ರೂಡ್ರೈವರಿನಿಂದ ಬೂಚಿಗೆ ಅರ್ಧದವರೆಗೆ ತೂತು ಕೊರೆದು, ಅಂಟು ಹಚ್ಚಿ ಕೂಡಿಸಿದೆ. ಪರಸಿಯ ಮೇಲೆ ಊರಿದರೆ ಒಂದಿಷ್ಟೂ ಸದ್ದಿಲ್ಲ, ಜಾರುವುದೂ ಇಲ್ಲ. ಅತ್ತೆ ಮೊದಲು ಬೇಡವೆಂದರು, ಆಮೇಲೆ ಪಡಸಾಲೆಯಲ್ಲಿ ಒಂದು ಸುತ್ತು ಹಾಕಿದರು, ನಂತರ ಕಿವಿಗೊಟ್ಟು ಇನ್ನೊಂದು ಸುತ್ತು. "ಇದರ ಸಪ್ಪಳಾ ಎಲ್ಲಿ ಹೋಯ್ತು ಬೇ?" ಎಂದು ಕೇಳಿದವರ ಮುಖ ನೋಡಿ ನನಗೆ ವರ್ಷಗಳಿಂದ ಎತ್ತಿಟ್ಟದ್ದೆಲ್ಲ ಸಾರ್ಥಕವೆನಿಸಿತು. ಶ್ರಾವಣ ಶುರುವಾಗಿತ್ತು, ಮಠದಲ್ಲಿ ದಿನವೂ ಪ್ರವಚನ. ಅಂದೇ ಸಂಜೆ ಅತ್ತೆ ಸದ್ದಿಲ್ಲದೆ ಹೋಗಿ ತಮ್ಮ ಹಳೆಯ ಸಾಲಿನಲ್ಲೇ ಕುಳಿತರು. ಕೆಳಗೆ ಕೂರುವಾಗ ನೋವಾಯಿತೆಂದು ಯಾರಿಗೂ ಹೇಳಲಿಲ್ಲ, ನನಗೆ ಮಾತ್ರ ಮುಖದಿಂದ ಗೊತ್ತಾಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಹೊರಸು ಹಿಡಿದಿದ್ದವರು ಒಮ್ಮೆಲೇ ದಿನವೂ ಮಠಕ್ಕೆ ನಡೆದು ಬರುವುದೆಂದರೆ ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಯಾವ ಡಾಕ್ಟರು, ಯಾವ ಇಲಾಜು ಎಂದು ಕೇಳಿದರು. ಅತ್ತೆ ಕೋಲಿನ ತುದಿ ತೋರಿಸಿ, "ಹೈದರಾಬಾದ ದವಾಖಾನಿ ಔಷಧದ ಬೂಚಿದು. ನಮ್ಮ ಸುವರ್ಣಾ ಮಾಡಿ ಕೊಟ್ಟಾಳ" ಎಂದರು. ಅವರು ಹೇಳಿದ್ದು ಇಷ್ಟೇ. ಕೇಳಿದವರು ಉಳಿದದ್ದನ್ನು ತಾವೇ ಸೇರಿಸಿಕೊಂಡರು. ಮರುದಿನ ಎದುರು ಮನೆಯ ಶಾಂತಾಬಾಯಿ ಬಂದು, "ಟೀಚರ, ನನಗೂ ಒಂದು ಬೂಚ್ ಕೊಡ್ರಿ, ಮೊಣಕಾಲಿಗಿ ಕಟಗೋತೇನಿ" ಎಂದರು. ಬರೀ ಬೂಚು ರೀ, ಅದರಲ್ಲಿ ಏನೂ ಇಲ್ಲ ಎಂದೆ. "ಇಲ್ಲಂದ್ರ ನಿಮ್ಮ ಅತ್ತಿ ಹ್ಯಾಂಗ ಎದ್ದರು?" ಎಂದರು. ಕೊಟ್ಟೆ. ಗೊಬ್ಬೂರಿನಿಂದ ಯಾರೋ ಫೋನ್ ಮಾಡಿಸಿದರು. ಮಟಕಿ ಹಳ್ಳಿಯಿಂದ ಬಂದ ಒಬ್ಬರಿಗೆ ಸೊಂಟಕ್ಕೆ ಬೇಕಿತ್ತು. ಶಾಲೆಯಲ್ಲಿ ಮೂಢನಂಬಿಕೆಯ ವಿರುದ್ಧ ಮಕ್ಕಳಿಗೆ ಭಾಷಣ ಮಾಡಿ ಮನೆಗೆ ಬಂದು ಕಟ್ಟೆಯ ಮೇಲೆ ಬೂಚು ಹಂಚುವುದು ನನ್ನ ದಿನಚರಿಯಾಯಿತು. ನಿಜ ಹೇಳಿದರೆ ಅತ್ತೆ ಕೋಲು ಬಿಸುಡುತ್ತಾರೆ, ಮತ್ತೆ ಹೊರಸು ಹಿಡಿಯುತ್ತಾರೆ ಎನ್ನುವ ಅಂಜಿಕೆಯಿಂದ ಬಾಯಿ ಕಟ್ಟಿಕೊಂಡಿದ್ದೆ.

ಶ್ರಾವಣದ ಕೊನೆಯ ವಾರ ನಿಂಬರ್ಗಾದಿಂದ ಬೆಳಗಿನ ಬಸ್ಸಿಗೆ ಗಂಗಮ್ಮ ಎನ್ನುವವರು ಬಂದರು. ತೊಗರಿ ಹೊಲದಲ್ಲಿ ಕಳೆ ತೆಗೆಯುವ ಕೂಲಿ ಕೆಲಸ, ಮೊಣಕಾಲು ಎರಡೂ ಊದಿದ್ದವು. ಅತ್ತೆ ಕಟ್ಟೆಯ ಮೇಲೇ ಇದ್ದರು. ಗಂಗಮ್ಮ ಬೂಚನ್ನು ಕಣ್ಣಿಗೆ ಒತ್ತಿಕೊಂಡು, "ಇದನ್ನ ನೀರಾಗ ಕುದಿಸಿ ಕುಡಿಬೇಕೇನ್ರಿ, ಇಲ್ಲ ತೇದು ಹಚ್ಚಬೇಕೇನ್ರಿ?" ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗಲೇ, "ಶುಗರಿನ ಗುಳಗಿ ಮೂರು ದಿನದಿಂದ ಬಿಟ್ಟೀನ್ರಿ. ಹೆಂಗೂ ಇದು ಸಿಗ್ತದಲ್ಲ ಅಂತ" ಎಂದರು.

ತಮಾಷೆ ಎಂದುಕೊಂಡಿದ್ದೆಲ್ಲ ಒಮ್ಮೆಲೇ ತಮಾಷೆಯಾಗಿ ಉಳಿಯಲಿಲ್ಲ. ಅತ್ತೆಯ ಮುಖ ನೋಡದೆ ಹೇಳಿಬಿಟ್ಟೆ. "ಗಂಗಮ್ಮಾರ, ಇದು ಔಷಧದ್ದು ಅಲ್ರಿ. ವೈನ್ ಅಂತದ, ಸೆರಿ ಇದ್ದಂಗ. ಅದರ ಬಾಟ್ಲಿ ಬೂಚು. ನಾ ಸುಳ್ಳ ಹೇಳೇನಿ. ನೀವು ಮೊದಲ ಗುಳಗಿ ನುಂಗ್ರಿ."

ಗಂಗಮ್ಮ ಬೂಚನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸೆರಿ ಬಾಟ್ಲಿದು? ಇದರಿಂದ ಕಾಲು ನೆಟ್ಟಗ ಆಗಂಗಿದ್ರ ನಮ್ಮ ಮನಿಯಾಂವ ಇಷ್ಟೊತ್ತಿಗಿ ಕಲಬುರಗಿ ತನಕ ಓಡಬೇಕಿತ್ತಲ್ರಿ!" ಎಂದು ನಕ್ಕರು. ನನ್ನೆದುರಿಗೇ ಚೀಲದಿಂದ ಗುಳಿಗೆ ತೆಗೆಸಿ, ರೊಟ್ಟಿ ಪಲ್ಯ ತಿನ್ನಿಸಿ ನುಂಗಿಸಿದೆ. ದವಾಖಾನೆಗೆ ಜೊತೆಗೇ ಹೋಗಿ ತೋರಿಸಿ ಬಸ್ಸು ಹತ್ತಿಸಿದೆ.

ಅತ್ತೆ ನಗಲಿಲ್ಲ. ನಾನು ತಿರುಗಿ ಬರುವಷ್ಟರಲ್ಲಿ ಕೋಲು ಮೂಲೆಯಲ್ಲಿತ್ತು, ಅವರು ಹೊರಸಿನ ಮೇಲಿದ್ದರು. ಅಂದು ಸಂಜೆ ಪ್ರವಚನಕ್ಕೆ ಹೋಗಲಿಲ್ಲ. ಯಜಮಾನರು, "ಖರೇ ಹೇಳಾಕ ಇವತ್ತೇ ಮುಹೂರ್ತ ಸಿಕ್ಕಿತ್ತೇನು?" ಎಂದು ಗೊಣಗಿದರು. ನಾನು ತಪ್ಪಾಯಿತು ಎಂದು ಹೇಳಲು ಹೋದರೆ ಅತ್ತೆ ಒಂದೇ ಮಾತು ಅಂದರು, "ಸೆರೀಗಿ ಅಲ್ಲ ಬೇ ನನಗ ಸಿಟ್ಟು. ನಲವತ್ತು ಮಂದಿಗಿ ನನ್ನ ಬಾಯಿಲಿ ಸುಳ್ಳ ಹೇಳಿಸಿದೆಲ್ಲ." ಒಳಗೆ ಹೋಗಿ ಅತ್ತುಬಿಟ್ಟೆ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಮೂಲೆಯಲ್ಲಿ ಕೋಲಿಲ್ಲ. ಸಿಟ್ಟಿನಲ್ಲಿ ಒಲೆಗೆ ಹಾಕಿದರೋ ಏನೋ ಎಂದು ಓಡಿದೆ. ದೇವರ ಕೋಣೆಯಲ್ಲಿ ಅತ್ತೆ ಪೂಜೆ ಮುಗಿಸಿ ಕುಳಿತಿದ್ದರು, ತೊಡೆಯ ಮೇಲೆ ಕೋಲು. ಬೂಚನ್ನು ತೊಳೆದು ಒರೆಸಿ, ಅದರ ಮೇಲೆ ವಿಭೂತಿಯಿಂದ ಮೂರು ಗೆರೆ ಎಳೆಯುತ್ತಿದ್ದರು. ನನ್ನನ್ನು ನೋಡಿ, "ಹಂಗ್ಯಾಕ ನೋಡ್ತಿ? ಇದಕ್ಕ ದೀಕ್ಷಾ ಕೊಟ್ಟೇನಿ. ದೀಕ್ಷಾ ಆದಮ್ಯಾಗ ಹಿಂದಿನ ಕುಲ ಕೇಳೂದು ನಮ್ಮೊಳಗ ಇಲ್ಲ. ಮೊದಲ ಎಲ್ಲಿತ್ತು, ಯಾರ ಬಾಯಿಗಿತ್ತು, ನನಗ್ಯಾಕ ಬೇಕು?" ಎಂದರು. ಅಂದು ಸಂಜೆ ಹತ್ತು ನಿಮಿಷ ಮೊದಲೇ ಮಠಕ್ಕೆ ಹೋಗಿ, ಅಲ್ಲಿದ್ದ ಹೆಂಗಸರಿಗೆಲ್ಲ ತಾವೇ ನಿಜ ಹೇಳಿ, ಗುಳಿಗೆ ಬಿಟ್ಟವರು ಮತ್ತೆ ಶುರು ಮಾಡಿರೆಂದು ಗದರಿಸಿಯೂ ಬಂದರು. ಶಾಂತಾಬಾಯಿ ಮಾತ್ರ ಮೊಣಕಾಲಿನ ಬೂಚು ಇನ್ನೂ ಬಿಚ್ಚಿಲ್ಲ. ಚಳಿಗೆ ಬೆಚ್ಚಗಿರುತ್ತದಂತೆ.

ಬೂಚು ಹತ್ತು ದಿನಕ್ಕೊಮ್ಮೆ ಸವೆಯುತ್ತದೆ. ಹೊಸದು ಕೂಡಿಸಿದಾಗಲೆಲ್ಲ ದೇವರ ಕೋಣೆಯಲ್ಲಿ ದೀಕ್ಷೆ. ಹಂಚಿ ಹಂಚಿ ಚೀಲದ ತಳ ಕಾಣತೊಡಗಿದ್ದರಿಂದ ಮೊನ್ನೆ ಅತ್ತೆಯೇ ಮಲ್ಲುವಿಗೆ ಫೋನ್ ಹಚ್ಚಿಸಿದರು. "ಮಲ್ಲಣ್ಣಾ, ಬೂಚ್ ಯಾಕ ಕಳಿಸಿಲ್ಲ? ಅಲ್ಲಿ ಮಂದಿ ಕುಡಿಯೂದು ಬಿಟ್ಟಾರೇನು? ಬಿಟ್ರ ಚಲೋನೇ ಆಯ್ತು. ಆದ್ರ ದೀಪಾವಳಿ ತನಕ ತಡೀರಿ ಅಂತ ಹೇಳು." ಅತ್ತೆ ಈಗ ದಿನವೂ ನಡೆಯುತ್ತಾರೆ. ಬರುವ ಬೇಸಿಗೆಗೆ ಜೇವರ್ಗಿಗೆ ಹೋಗಿ ಮಗಳ ಮನೆಯ ಮೆಟ್ಟಿಲು ಹತ್ತುತ್ತೇನೆ ಎನ್ನುತ್ತಿದ್ದಾರೆ. ಹತ್ತುತ್ತಾರೆ, ನನಗೆ ಅನುಮಾನವಿಲ್ಲ.

ಒಂದೇ ತೊಂದರೆ. ಬೂಚಿಗೆ ಮೂರು ಗೆರೆ ಎಳೆದ ಮೇಲೆ ಬೆರಳಲ್ಲಿ ಉಳಿದ ವಿಭೂತಿಯನ್ನು ಅತ್ತೆ ನನ್ನ ಹಣೆಗೂ ಎಳೆಯುತ್ತಾರೆ. ಬೂಚಿಗೆ ಒಮ್ಮೆ ಸಾಕು, ಸುಳ್ಳು ಹೇಳುವ ನನಗೆ ಮೇಲಿಂದ ಮೇಲೆ ಬೇಕಾಗುತ್ತದಂತೆ. ನಿನ್ನೆ ಕೋಲು ಊರಿಕೊಂಡು ಹಿಂದಿನಿಂದ ಬಂದು, ಸದ್ದೇ ಇಲ್ಲದ್ದರಿಂದ ನಾನು ಬೆಚ್ಚಿಬೀಳುವಂತೆ, "ಆ ಡಬ್ಬಿ ಎಲ್ಲಾ ಒಗಿ ಅಂದಿದ್ದೆ, ಅಟ್ಟ ಖಾಲಿ ಮಾಡಿದಿಯೇನು ಬೇ?" ಎಂದು ಕೇಳಿದರು. "ಹೌದ್ರಿ ಅತ್ತಿ, ಎಲ್ಲಾ ಒಗದೇನಿ" ಎಂದೆ. ಅತ್ತೆ ಒಮ್ಮೆ ಅಟ್ಟದ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು, ವಿಭೂತಿ ತರಲು ಒಳಗೆ ಹೋದರು.