ಊಟ ವಾಪಸ್ ಕಳಿಸುವ ಮಾವ

ನನ್ನ ಸೋದರಮಾವ ಕುಡಿಯುವ ನೀರಿನಲ್ಲೂ ತಪ್ಪು ಹುಡುಕಬಲ್ಲರು. ಉತ್ಪ್ರೇಕ್ಷೆ ಎಂದುಕೊಂಡಿರಾ? ಕಾಂದಿವಲಿಯ ನಮ್ಮ ಬಿಲ್ಡಿಂಗಿಗೆ ಬಂದು ನೋಡಿ. ಒಂದು ಗುಟುಕು ಕುಡಿದು, ಇದು ನಿನ್ನೆಯ ನೀರೋ ಇವತ್ತಿನದೋ ಎಂದು ಹೇಳಿಬಿಡುತ್ತಾರೆ. ಬೈಕುಲ್ಲಾದಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದ ನಾಲಿಗೆ ಅದು. ದಿನಾ ಬೆಳಿಗ್ಗೆ ಸಾಂಬಾರಿನ ಒಂದು ಹನಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, "ಕೊತ್ತಂಬರಿ ಹುರಿಯುವಾಗ ಫೋನಲ್ಲಿ ಯಾರ ಹತ್ರ ಮಾತಾಡ್ತಿದ್ದೆ?" ಎಂದು ಅಡುಗೆಭಟ್ಟರನ್ನು ಕೇಳುತ್ತಿದ್ದರಂತೆ. ಭಟ್ಟರು ನಿಜಕ್ಕೂ ಮಾತಾಡುತ್ತಿದ್ದರಂತೆ!

ಅಂಥ ನಾಲಿಗೆಗೆ ಹೋದ ವರ್ಷ ಗ್ರಹಣ ಹಿಡಿಯಿತು. ಮಾವನಿಗೆ ಕರುಳಿನ ಕ್ಯಾನ್ಸರ್ ಬಂತು, ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಎರಡನೆಯ ಕೀಮೋ ಮುಗಿಸಿ ಬಂದವರು ಅತ್ತೆ ಬಡಿಸಿದ ತೊವ್ವೆ ಅನ್ನವನ್ನು ಬಾಯಿಗಿಟ್ಟು, "ಇದಕ್ಕೆ ತುಕ್ಕು ಹಿಡಿದಿದೆ" ಎಂದರು. ಕೀಮೋ ತೆಗೆದುಕೊಂಡವರಿಗೆ ಬಾಯಿ ಹಾಗಾಗುವುದುಂಟು, ಎಲ್ಲವೂ ಕಬ್ಬಿಣದ ರುಚಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಮಾವ ಒಪ್ಪಬೇಕಲ್ಲ? ತನ್ನ ನಾಲಿಗೆ ಕೆಟ್ಟಿದೆ ಎನ್ನುವುದಕ್ಕಿಂತ ಇಡೀ ಮುಂಬೈಯ ಅಡುಗೆ ಕೆಟ್ಟಿದೆ ಎನ್ನುವುದು ಅವರಿಗೆ ಸುಲಭ. ಮೊದಲು ಉಪ್ಪಿನ ಮೇಲೆ ಗುಮಾನಿ, ಆಮೇಲೆ ತೊಗರಿಬೇಳೆಯ ಮೇಲೆ, ಕಡೆಗೆ ಕುಕ್ಕರಿನ ಮೇಲೆ. ಕುಕ್ಕರ್ ಬದಲಾಯಿತು, ತುಕ್ಕು ಹಾಗೆಯೇ ಉಳಿಯಿತು.

ಬೇಡವಾದ ತಟ್ಟೆಯನ್ನು ಮಾವ ಹೋಟೆಲಿನ ಪದ್ಧತಿಯಂತೆ ಒಳಗೆ ಕಳಿಸುತ್ತಿದ್ದರು. ಒಂದು ತುತ್ತು ತಿಂದು, ತಟ್ಟೆಯನ್ನು ಎರಡು ಬೆರಳಿನಿಂದ ಮುಂದೆ ತಳ್ಳಿ, "ಇದು ವಾಪಸ್" ಎನ್ನುವರು. ಅತ್ತೆ ಎತ್ತಿಕೊಂಡು ಹೋಗಿ ಇನ್ನೊಂದು ಮಾಡಿ ತರುವರು. ಅದೂ ವಾಪಸ್. ಹೋಟೆಲಿನ ಇನ್ನೊಂದು ನಿಯಮವೂ ಮನೆಗೆ ಬಂದಿತ್ತು. ಕೊನೆಯ ಗಿರಾಕಿ ಕೈತೊಳೆಯುವವರೆಗೆ ಮಾಲೀಕ ಉಣ್ಣುವಂತಿಲ್ಲ. ಹಾಗಾಗಿ ಪ್ರತಿ ಊಟಕ್ಕೆ ಮುಂಚೆ ಒಂದು ವಿಚಾರಣೆ.

"ಎಲ್ಲರದ್ದೂ ಆಯ್ತಾ?"

"ಆಯ್ತು, ನೀವು ಕೂತ್ಕೊಳ್ಳಿ," ಎನ್ನುವರು ಅತ್ತೆ.

ತೂಕ ಇಳಿಯುತ್ತಾ ಬಂತು. ಇನ್ನೂ ಇಳಿದರೆ ಮುಂದಿನ ಕೀಮೋ ಮುಂದೂಡಬೇಕಾಗುತ್ತದೆ, ಅದು ಒಳ್ಳೆಯದಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ, ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಕಳಿಸಿದರು. ಪಕ್ಕದ ವಿಂಗಿನಲ್ಲೇ ಇರುವ ಸೋದರಸೊಸೆ ನಾನು ಜೊತೆಗೆ ಹೋದೆ. ಡಯಟಿಷಿಯನ್ ನಮ್ಮ ಕಡೆಯ ಹುಡುಗಿಯೇ, ಹುಟ್ಟಿ ಬೆಳೆದದ್ದು ವಿಕ್ರೋಳಿ.

"ಅಂಕಲ್, ದೋ-ದೋ ಘಂಟೆಗೆ ಥೋಡಾ ಥೋಡಾ ತಿನ್ನಬೇಕು. ಪ್ರೋಟೀನ್ ಜಾಸ್ತಿ. ಬೇಳೆ, ಪನೀರ್, ಮೊಸರು. ಹೋಟೆಲ್ ಗೀಟೆಲ್, ಬಾಹರ್ ಕಾ ಬಿಲ್ಕುಲ್ ಬೇಡ."

"ನಲವತ್ತು ವರ್ಷ ಊರಿಗೆಲ್ಲ ಬಾಹರ್ ಕಾ ತಿನ್ನಿಸಿದವ ನಾನು," ಎಂದರು ಮಾವ. ಆಮೇಲೆ ಅವಳ ಮುಖವನ್ನೇ ದಿಟ್ಟಿಸಿ, "ನಿಂದು ಊಟ ಆಯ್ತಾ?"

"ನಹೀ ಅಂಕಲ್, ಟೈಮ್ ಎಲ್ಲಿ?"

ಮುಗಿಯಿತು. ಹಸಿದ ಹೊಟ್ಟೆಯಲ್ಲಿ ಚಹಾ ಕುಡಿಯುವುದರ ಅನಾಹುತದಿಂದ ಹಿಡಿದು ಟಿಫಿನ್ ಬಾಕ್ಸಿನಲ್ಲಿ ಇಡ್ಲಿ ಮೆತ್ತಗೆ ಉಳಿಯುವ ಉಪಾಯದವರೆಗೆ ಮಾವನ ಉಪನ್ಯಾಸ ನಡೆಯಿತು. ಹೊರಗೆ ಕ್ಯೂ ಬೆಳೆಯಿತು. ಕೊನೆಗೆ ನಾವು ಎದ್ದು ಬಂದಾಗ ಡಯಟ್ ಚಾರ್ಟ್ ಅವಳ ಮೇಜಿನ ಮೇಲೆಯೇ ಇತ್ತು. "ಅವಳಿಗೇ ಇರಲಿ, ಪಾಪ, ಒಣಗಿ ಹೋಗಿದ್ದಾಳೆ" ಎಂದರು.

ಮುಂದಿನ ಕೀಮೋಗೆ ಹೋದಾಗ ನರ್ಸು ಮಾವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಮತ್ತೂ ಇಳಿದಿತ್ತು. ಮಾವ ಕೆರಳಿದರು. ಬೈಕುಲ್ಲಾ ಮಾರ್ಕೆಟಿಗೆ ತರಕಾರಿಗೆ ಹೋಗುವಾಗ ಚೀಲದಲ್ಲಿ ತನ್ನದೇ ಒಂದು ಕಿಲೋ ಬಟ್ಟು ಇಟ್ಟುಕೊಂಡು ಹೋಗಿ ವ್ಯಾಪಾರಿಗಳ ತಕ್ಕಡಿ ಪರೀಕ್ಷಿಸುತ್ತಿದ್ದ ಮನುಷ್ಯ ಸುಮ್ಮನಿರುತ್ತಾರೆಯೇ?

"ಸಿಸ್ಟರ್, ಈ ತಕ್ಕಡಿ ಸರಿ ಇಲ್ಲ. ಏ, ನೀ ಹತ್ತು ನೋಡುವ," ಎಂದು ಅತ್ತೆಯನ್ನು ಕರೆದರು. "ಇವಳದ್ದು ಪಕ್ಕಾ ಅರುವತ್ತು ಕಿಲೋ. ಮಗಳ ಮದುವೆಯಿಂದ ಇವತ್ತಿನವರೆಗೆ ಒಂದು ಗ್ರಾಮೂ ಆಚೆ ಈಚೆ ಆಗಿಲ್ಲ."

ಅತ್ತೆ ಬೇಡ ಬೇಡ ಎನ್ನುತ್ತಲೇ ಸೆರಗು ಬಿಗಿದುಕೊಂಡು ಹತ್ತಿದರು. ಯಂತ್ರ ಐವತ್ತೊಂದು ತೋರಿಸಿತು.

"ನೋಡಿದ್ರಾ?" ಮಾವನಿಗೆ ಮೊಕದ್ದಮೆ ಗೆದ್ದ ಖುಷಿ. "ನಾನು ಹೇಳಿದ್ದಲ್ವಾ?"

ನರ್ಸು ತಾನೇ ಹತ್ತಿ ತೋರಿಸಿದಳು. ನಾನೂ ಹತ್ತಿದೆ. ನನ್ನ ದುರದೃಷ್ಟಕ್ಕೆ ಯಂತ್ರ ಸರಿಯಾಗಿಯೇ ಇತ್ತು.

ಮಾವ ಅತ್ತೆಯ ಕಡೆ ತಿರುಗಿದರು. ಅಷ್ಟು ತಿಂಗಳಲ್ಲಿ ಅವರನ್ನು ಸರಿಯಾಗಿ ನೋಡಿದ್ದು ಅದೇ ಮೊದಲೇನೋ. ಬಳೆ ಮೊಣಕೈಯವರೆಗೆ ಜಾರುತ್ತಿತ್ತು.

"ನೀ ಊಟ ಮಾಡುದಿಲ್ವಾ?"

ಅತ್ತೆ ನೆಲ ನೋಡಿದರು. "ನೀವು ಉಣ್ಣದೆ ನಾನು ಹ್ಯಾಗೆ ಉಣ್ಣುದು?"

ಅತ್ತೆಯದೂ ಒಂದು ನಿಯಮವಿತ್ತು, ಗಂಡ ಉಂಡ ಮೇಲೆಯೇ ಊಟ. ಹೋಟೆಲಿದ್ದ ಕಾಲದಲ್ಲಿ ದಿನಾ ಫೋನು ಮಾಡಿ, "ನಿಮ್ಮದು ಆಯ್ತಾ?" ಎಂದು ಕೇಳಿಕೊಂಡು ಇಲ್ಲಿ ಉಣ್ಣುತ್ತಿದ್ದರು. ಈಗ ಎರಡೂ ನಿಯಮಗಳು ಒಂದೇ ಮನೆಗೆ ಬಂದು ಸೇರಿದ್ದವು. ಮಾವ ಉಣ್ಣಲಿ ಎಂದು ಅತ್ತೆ "ಆಯ್ತು" ಎಂದು ಸುಳ್ಳು ಹೇಳುತ್ತಿದ್ದರು. ಅವರು ಕಳಿಸಿದ ಪ್ರತಿ ವಾಪಸ್ ತಟ್ಟೆಯೊಂದಿಗೆ ಇವರ ಊಟವೂ ವಾಪಸ್ ಹೋಗುತ್ತಿತ್ತು. ಇದು ನಮಗೆ ಯಾರಿಗೂ ಹೊಳೆಯಲಿಲ್ಲ. ನಾವೆಲ್ಲ ಮಾವನ ತಟ್ಟೆಯನ್ನೇ ನೋಡುತ್ತಾ ಕೂತಿದ್ದೆವು.

ಮರುದಿನ ಮಧ್ಯಾಹ್ನ ನಾನು ಹೋದಾಗ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಅತ್ತೆ ನಾಚಿಕೊಂಡು, ಮದುವೆ ಮನೆಯ ಹೊಸ ಮದುಮಗಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಾವ ಮೆತ್ತಗಿನ ಅನ್ನ, ತೊವ್ವೆ, ಪನೀರು ಕಲಸಿ ಒಂದೊಂದೇ ತುತ್ತು ನುಂಗುತ್ತಿದ್ದರು. ಹಣೆಯಲ್ಲಿ ಬೆವರು. ತಟ್ಟೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ನನಗೆ ಸಂತೋಷಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಅತ್ತೆ ಮೊಸರು ತರಲು ಒಳಗೆ ಹೋದಾಗ ಮೆಲ್ಲಗೆ ಕೇಳಿದೆ, "ರುಚಿ ಬಂತಾ ಮಾವ?"

"ಎಂತ ರುಚಿ? ಎಲ್ಲ ಕಬ್ಬಿಣವೇ," ಎಂದರು, ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ. "ನಾನು ಕೈ ನಿಲ್ಲಿಸಿದ್ರೆ ಅವಳೂ ನಿಲ್ಲಿಸ್ತಾಳೆ ಮಾರಾಯ್ತಿ."